ಹಳೆಯ ಕಾರಿನ ಎಚ್ಚರಿಕೆ ದೀಪಗಳು ಮತ್ತು ಸಾಮಾನ್ಯ ದೋಷಗಳು: ಕೊಚ್ಚಿ, ತಿರುವನಂತಪುರ

ಎಚ್ಚರಿಕೆ ದೀಪವೆಂದರೆ ಕಾರಿನ ಇಂಜಿನ್, ಬ್ರೇಕ್, ವಿದ್ಯುತ್ ಅಥವಾ ಸುರಕ್ಷತಾ ವ್ಯವಸ್ಥೆಯ ಯಾವುದಾದರೊಂದು ಅಳತೆ ಮಿತಿ ಮೀರಿದಾಗ, ಇಲ್ಲವೇ ಆ ಅಳತೆಯನ್ನು ತಿಳಿಸುವ ಸರ್ಕ್ಯೂಟೇ ಕೆಟ್ಟಾಗ, ಚಾಲಕನ ಮುಂದಿನ ಮೀಟರ್ ಫಲಕದಲ್ಲಿ ಹೊತ್ತಿಕೊಳ್ಳುವ ಸಂಕೇತ. ಈ ವಿವರಣೆಯ ಎರಡನೆಯ ಭಾಗವನ್ನು ಕೊಳ್ಳುವವರೂ ರಿಪೇರಿ ಮಾಡುವವರೂ ಹೆಚ್ಚಾಗಿ ಮರೆಯುತ್ತಾರೆ. ಕೇರಳದ ಕರಾವಳಿಯಲ್ಲಿ ಅದಕ್ಕೆ ಮೊದಲನೆಯ ಭಾಗದಷ್ಟೇ ತೂಕವಿದೆ. ಉಪ್ಪುಗಾಳಿ, ತೇವ, ನೆರೆನೀರು ಮೂರೂ ಕಾರಿನ ಬಿಡಿಭಾಗಕ್ಕಿಂತ ಮೊದಲು ಅದರ ವೈರು, ಕಪ್ಲರ್, ಅರ್ತ್‌ಗಳನ್ನು ತಿನ್ನುತ್ತವೆ. ಈ ಲೇಖನದಲ್ಲಿ ಹಳೆಯ ಕಾರು ಎಂದರೆ ಏಳೆಂಟು ವರ್ಷ ದಾಟಿ, ಎರಡನೆಯ ಅಥವಾ ಅನಂತರದ ಮಾಲೀಕರ ಕೈಸೇರಿದ ಖಾಸಗಿ ಪೆಟ್ರೋಲ್ ಅಥವಾ ಡೀಸೆಲ್ ಕಾರು.

ಮೂಲ ಮತ್ತು ಬೆಳವಣಿಗೆ

ಮೊದಮೊದಲ ಕಾರುಗಳಲ್ಲಿ ದೀಪಗಳ ಬದಲು ಮುಳ್ಳಿನ ಗೇಜುಗಳಿದ್ದವು: ಆಯಿಲ್ ಒತ್ತಡಕ್ಕೆ ಒಂದು, ಕರೆಂಟಿಗೆ ಒಂದು, ನೀರಿನ ಬಿಸಿಗೆ ಒಂದು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಾರುಗಳು ಗೇಜಿನ ಜಾಗದಲ್ಲಿ ದೀಪ ಇಟ್ಟವು. ಮುಳ್ಳು ಇಳಿಯುವುದನ್ನು ಗಮನಿಸದ ಚಾಲಕನಿಗೂ ದೀಪ ಕಾಣುತ್ತದೆ, ಆದರೆ ಅದು ಹೊತ್ತುವ ಹೊತ್ತಿಗೆ ಅಳತೆ ಆಗಲೇ ಮಿತಿ ದಾಟಿರುತ್ತದೆ. ಈ ಲಾಭನಷ್ಟ ಇಂದಿನ ಕಾರಿನಲ್ಲೂ ಹಾಗೆಯೇ ಉಳಿದಿದೆ. ಇತ್ತೀಚಿನ ಹಲವು ಸಣ್ಣ ಕಾರುಗಳಲ್ಲಿ ಬಿಸಿ ತೋರಿಸುವ ಮುಳ್ಳೇ ಇಲ್ಲ. ಇಂಜಿನ್ ತಣ್ಣಗಿದ್ದಾಗ ನೀಲಿ ದೀಪ, ಅತಿಯಾಗಿ ಕಾದಾಗ ಕೆಂಪು ದೀಪ ಹೊತ್ತುತ್ತದೆ, ನಡುವೆ ಏನೂ ಇರುವುದಿಲ್ಲ.

ಇಂಜಿನ್ನಿನ ಕೆಲಸವನ್ನು ಕಂಪ್ಯೂಟರ್ (ಇಸಿಯು) ವಹಿಸಿಕೊಂಡ ಮೇಲೆ ಚೆಕ್ ಇಂಜಿನ್ ದೀಪ ಬಂತು. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ಒಬಿಡಿ-2 ವ್ಯವಸ್ಥೆ ದೋಷಗಳಿಗೆ ಏಕರೂಪದ ಸಂಖ್ಯೆಗಳನ್ನೂ 16 ಪಿನ್ನಿನ ಸಾಕೆಟ್ಟನ್ನೂ ಕೊಟ್ಟಿತು. ಭಾರತದಲ್ಲಿ ಭಾರತ್ ಸ್ಟೇಜ್-4 ಕಾರುಗಳಿಗೆ 2010ರ ಏಪ್ರಿಲ್‌ನಿಂದ ಒಬಿಡಿಯ ಮೊದಲ ಹಂತವೂ 2013ರ ಏಪ್ರಿಲ್‌ನಿಂದ ಎರಡನೆಯ ಹಂತವೂ ಜಾರಿಗೆ ಬಂದವು. ಹೀಗಾಗಿ 2013ಕ್ಕಿಂತ ಹಿಂದಿನ ಕಾರಿಗೆ ಅಗ್ಗದ ಸ್ಕ್ಯಾನರ್ ಚುಚ್ಚಿ ಏನೂ ಬರಲಿಲ್ಲವೆಂದರೆ ದೋಷವಿಲ್ಲ ಎಂದು ತಿಳಿಯಬಾರದು. ಆ ಕಾರಿನ ಭಾಷೆ ಆ ಸ್ಕ್ಯಾನರಿಗೆ ಬರದಿರಬಹುದು. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ರ ಕಾರ್ಬುರೇಟರ್ ಮಾದರಿಗಳಲ್ಲಾಗಲಿ ಅಂಬಾಸಿಡರ್‌ನ ಹಳೆಯ ಮಾದರಿಗಳಲ್ಲಾಗಲಿ ಚೆಕ್ ಇಂಜಿನ್ ದೀಪವೇ ಇಲ್ಲ. ಎಬಿಎಸ್ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು ಅದೇ ವರ್ಷದ ಜುಲೈಯಲ್ಲಿ. ಅದಕ್ಕೂ ಹಿಂದಿನ ಕಾರಿನಲ್ಲಿ ಈ ದೀಪಗಳು ಕಾಣದಿದ್ದರೆ ಮೊದಲು ಆ ಮಾದರಿಗೆ ಆ ಸೌಲಭ್ಯ ಇತ್ತೇ ಎಂದು ನೋಡಿಕೊಳ್ಳಬೇಕು.

ರಚನೆ ಮತ್ತು ಬಣ್ಣ

ದೀಪದ ಹಿಂದೆ ಮೂರು ಅಂಗಗಳಿವೆ: ಅಳೆಯುವ ಸ್ವಿಚ್ ಅಥವಾ ಸೆನ್ಸರ್, ಸುದ್ದಿ ಸಾಗಿಸುವ ವೈರು ಮತ್ತು ಕಪ್ಲರ್, ತೀರ್ಮಾನ ಮಾಡುವ ಕಂಟ್ರೋಲ್ ಯೂನಿಟ್. ಆಯಿಲ್ ದೀಪದಂಥ ಹಳೆಯ ಕ್ರಮದಲ್ಲಿ ಕೊನೆಯದು ಇರುವುದಿಲ್ಲ, ಸ್ವಿಚ್ಚೇ ನೇರವಾಗಿ ದೀಪ ಹೊತ್ತಿಸುತ್ತದೆ. ಚಿಹ್ನೆಗಳ ಆಕಾರವನ್ನು ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನಕ ನಿಗದಿ ಮಾಡಿದೆ. ಕೆಂಪು ಬಣ್ಣ ಅಪಾಯವನ್ನೂ ಹಳದಿ ಬಣ್ಣ ತಡಮಾಡದೆ ಪರೀಕ್ಷಿಸಬೇಕಾದ ದೋಷವನ್ನೂ ಸೂಚಿಸುತ್ತವೆ. ಹಸಿರು ಮತ್ತು ನೀಲಿ ಬಣ್ಣಗಳು ಯಾವುದೋ ಒಂದು ಸೌಲಭ್ಯ ಚಾಲನೆಯಲ್ಲಿದೆ ಅಥವಾ ಇಂಜಿನ್ ಇನ್ನೂ ತಣ್ಣಗಿದೆ ಎಂದಷ್ಟೇ ಹೇಳುತ್ತವೆ.

ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ ಇಂಜಿನ್ ಶುರು ಮಾಡದೆ ಬಿಟ್ಟರೆ ಮುಖ್ಯ ದೀಪಗಳೆಲ್ಲ ಒಮ್ಮೆ ಹೊತ್ತಬೇಕು. ಏರ್‌ಬ್ಯಾಗ್, ಎಬಿಎಸ್ ದೀಪಗಳು ಕೆಲವೇ ಸೆಕೆಂಡಿನಲ್ಲಿ ಆರುತ್ತವೆ. ಆಯಿಲ್, ಬ್ಯಾಟರಿ ದೀಪಗಳು ಇಂಜಿನ್ ಶುರುವಾದ ಮೇಲೆ ಆರುತ್ತವೆ. ಬಳಸಿದ ಕಾರು ಕೊಳ್ಳುವವರಿಗೆ ಇದಕ್ಕಿಂತ ಸುಲಭವೂ ಖರ್ಚಿಲ್ಲದ್ದೂ ಆದ ಪರೀಕ್ಷೆ ಬೇರೆ ಇಲ್ಲ. ಹೊತ್ತದೇ ಇರುವ ದೀಪ ಹೊತ್ತಿಯೇ ಇರುವ ದೀಪಕ್ಕಿಂತ ಹೆಚ್ಚು ಅನುಮಾನಕ್ಕೆ ಅರ್ಹ: ಬಲ್ಬು ಸುಟ್ಟಿರಬಹುದು, ಬಲ್ಬನ್ನೇ ಕಿತ್ತಿರಬಹುದು. ಏರ್‌ಬ್ಯಾಗ್ ದೀಪ ಆಯಿಲ್ ದೀಪದ ಜೊತೆಗೇ ಆರಿದರೂ ಅನುಮಾನಿಸಬೇಕು, ಅದರ ವೈರನ್ನು ಆಯಿಲ್ ದೀಪಕ್ಕೆ ಜೋಡಿಸಿರಬಹುದು.

ಎರಡು ನಗರಗಳ ಹವೆ ಮತ್ತು ರಸ್ತೆ

ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆಯಾದರೆ ತಿರುವನಂತಪುರದಲ್ಲಿ ಸುಮಾರು 1,800 ಮಿ.ಮೀ. ಆಗುತ್ತದೆ. ಎರಡೂ ಕಡೆ ಜೂನ್‌ನ ಮುಂಗಾರಿನ ಜೊತೆಗೆ ಅಕ್ಟೋಬರ್, ನವೆಂಬರ್‌ಗಳಲ್ಲಿ ತುಲಾವರ್ಷಂ ಎಂದು ಕರೆಯುವ ಹಿಂಗಾರು ಸುರಿಯುತ್ತದೆ. ಕೊಚ್ಚಿ ಹಿನ್ನೀರಿನ ನಡುವಿನ ತಗ್ಗು ನಗರ. ಫೋರ್ಟ್ ಕೊಚ್ಚಿ, ವೈಪಿನ್, ಮಟ್ಟಾಂಚೇರಿಗಳಲ್ಲಿ ಬಯಲಲ್ಲಿ ನಿಲ್ಲುವ ಕಾರಿಗೆ ಉಪ್ಪುಗಾಳಿ ವರ್ಷವಿಡೀ ತಪ್ಪದು. ವೈಟ್ಟಿಲ, ಎಡಪ್ಪಳ್ಳಿ ಜಂಕ್ಷನ್‌ಗಳಲ್ಲಿ ವಾಹನಗಳು ತೆವಳುತ್ತವೆ. ವೈಟ್ಟಿಲ ಮತ್ತು ಕುಂಡನ್ನೂರು ಮೇಲ್ಸೇತುವೆಗಳು 2021ರ ಜನವರಿಯಲ್ಲಿ ತೆರೆದ ಮೇಲೂ ಕೆಳಗಿನ ಸಿಗ್ನಲ್ಲುಗಳಲ್ಲಿ ಕಾಯುವುದು ನಿಂತಿಲ್ಲ. ನಿಂತು ನಿಂತು ಸಾಗುವ ಈ ಓಟ ಕ್ಲಚ್ ಪ್ಲೇಟ್, ರೇಡಿಯೇಟರ್ ಫ್ಯಾನ್, ಬ್ಯಾಟರಿ ಮೂರನ್ನೂ ದಣಿಸುತ್ತದೆ.

ತಿರುವನಂತಪುರ ಗುಡ್ಡಗಳ ಮೇಲೆ ಕೂತ ಊರು. ಏರು ರಸ್ತೆಯಲ್ಲಿ ಹಾಫ್ ಕ್ಲಚ್‌ನಲ್ಲಿ ನಿಲ್ಲಿಸುವ ರೂಢಿ ಇಲ್ಲಿ ಕ್ಲಚ್ಚಿನ ಆಯುಷ್ಯ ಕಡಿಮೆ ಮಾಡುತ್ತದೆ. ಸುಮಾರು 60 ಕಿ.ಮೀ. ದೂರದ ಪೊನ್ಮುಡಿಗೆ 22 ಹೇರ್‌ಪಿನ್ ತಿರುವುಗಳಿವೆ. ಹತ್ತುವಾಗ ಕೂಲಿಂಗ್ ವ್ಯವಸ್ಥೆಗೆ, ಇಳಿಯುವಾಗ ಬ್ರೇಕಿಗೆ ನಿಜವಾದ ಪರೀಕ್ಷೆ ಅಲ್ಲಿ ನಡೆಯುತ್ತದೆ. ಎರಡು ನಗರಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಆರು ಪಥಗಳ ಕಾಮಗಾರಿ ವರ್ಷಗಟ್ಟಲೆ ನಡೆದು, ಬಳಸುದಾರಿಯ ಗುಂಡಿಗಳಲ್ಲಿ ಓಡಿದ ಕಾರುಗಳ ಲೋಯರ್ ಆರ್ಮ್ ಬುಷ್, ಸ್ಟೆಬಿಲೈಸರ್ ಲಿಂಕ್, ಶಾಕ್ ಅಬ್ಸಾರ್ಬರ್‌ಗಳು ಬೇಗ ಸವೆದಿವೆ. ಇವಕ್ಕೆ ಯಾವ ದೀಪವೂ ಹೊತ್ತುವುದಿಲ್ಲ.

ಕೆಂಪು ದೀಪಗಳು

ಆಯಿಲ್ ಕುಡಿಕೆಯ ಚಿತ್ರವಿರುವ ದೀಪ ಆಯಿಲ್ಲಿನ ಪ್ರಮಾಣಕ್ಕೆ ಸಂಬಂಧಿಸಿದ್ದಲ್ಲ, ಒತ್ತಡಕ್ಕೆ ಸಂಬಂಧಿಸಿದ್ದು. ಒತ್ತಡ ಸುಮಾರು 0.3ರಿಂದ 0.5 ಬಾರ್‌ಗಿಂತ ಕೆಳಗಿಳಿದರೆ ಸ್ವಿಚ್ ಕೂಡಿಕೊಂಡು ದೀಪ ಹೊತ್ತುತ್ತದೆ. ಓಡುತ್ತಿರುವಾಗ ಇದು ಹೊತ್ತಿದರೆ ಪಕ್ಕಕ್ಕೆ ತೆಗೆದು ಕೂಡಲೇ ಇಂಜಿನ್ ಆರಿಸಬೇಕು. ಮುಂದಿನ ವರ್ಕ್‌ಶಾಪಿನವರೆಗೆ ಹೋಗೋಣ ಎಂದು ಓಡಿಸಿದ ಕೆಲವೇ ನಿಮಿಷಗಳಲ್ಲಿ ಬೇರಿಂಗ್ ಸುಟ್ಟು ಇಂಜಿನ್ ಸೀಜ್ ಆಗುತ್ತದೆ. ಕಾರನ್ನು ಸಮತಟ್ಟಿನಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಬೇಕು. ಆಯಿಲ್ ಸರಿಯಿದ್ದೂ ಇಂಜಿನ್ ಕಾದ ಮೇಲೆ ಐಡ್ಲಿಂಗ್‌ನಲ್ಲಿ ಮಾತ್ರ ದೀಪ ಮಿನುಗಿದರೆ ಸವೆದ ಬೇರಿಂಗ್, ಸೋತ ಪಂಪ್ ಅಥವಾ ಮಡ್ಡಿ ಕಟ್ಟಿದ ಸ್ಟ್ರೈನರ್ ಕಾರಣವಾಗಿರಬಹುದು. ಸ್ವಿಚ್ಚಿನ ಜಾಗಕ್ಕೆ ಒತ್ತಡದ ಗೇಜ್ ಹಾಕಿ ಅಳೆದರೆ ತಪ್ಪು ಸ್ವಿಚ್ಚಿನದೋ ಇಂಜಿನ್ನಿನದೋ ಎಂದು ನಿರ್ಣಯವಾಗುತ್ತದೆ. ಮಿನುಗುವ ದೀಪವನ್ನು ಹೆಚ್ಚು ದಪ್ಪದ ಆಯಿಲ್ ಹಾಕಿ ಆರಿಸಿ ಕಾರು ಮಾರುವುದುಂಟು.

ಥರ್ಮಾಮೀಟರ್ ಚಿಹ್ನೆಯ ದೀಪ ಹೊತ್ತಿದಾಗ ಇಂಜಿನ್ ಯಾವಾಗ ಬಿಸಿಯೇರುತ್ತದೆ ಎಂಬುದೇ ಅರ್ಧ ಉತ್ತರ. ಎಡಪ್ಪಳ್ಳಿಯ ಸಿಗ್ನಲ್ಲಿನಲ್ಲಿ ಏರಿದ ಬಿಸಿ ಹೆದ್ದಾರಿಯ ವೇಗದಲ್ಲಿ ಇಳಿದರೆ ಫ್ಯಾನ್ ಮೋಟರ್, ಅದರ ರಿಲೇ ಅಥವಾ ಫ್ಯೂಸ್ ನೋಡಬೇಕು. ವೇಗದಲ್ಲಿ ಅಥವಾ ಏರಿನಲ್ಲಿ ಬಿಸಿ ಏರಿದರೆ ಒಳಗೆ ಕಟ್ಟಿದ ರೇಡಿಯೇಟರ್, ತೆರೆಯದ ಥರ್ಮೋಸ್ಟಾಟ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ತಿರುಗಬೇಕು. ಕೂಲೆಂಟ್ ಬದಲು ಬಾವಿನೀರು ತುಂಬಿಸುವ ಅಭ್ಯಾಸ ಕೊಚ್ಚಿಯ ಉಪ್ಪುನೀರಿನ ಪ್ರದೇಶಗಳಲ್ಲಿ ದುಬಾರಿ. ಅಲ್ಯೂಮಿನಿಯಂ ಭಾಗಗಳು ಒಳಗಿನಿಂದಲೇ ಸವೆಯುತ್ತವೆ. ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳ ತೆರೆದರೆ ಒತ್ತಡದಲ್ಲಿದ್ದ ನೀರು ಮುಖಕ್ಕೆ ಚಿಮ್ಮುತ್ತದೆ. ಪೂರ್ತಿ ತಣಿಯುವ ತನಕ ಅದನ್ನು ಮುಟ್ಟಬಾರದು. ಕೂಲೆಂಟ್ ಖಾಲಿಯಾದರೆ ಸೆನ್ಸರ್ ಬರೀ ಹಬೆಯಲ್ಲಿ ನಿಂತು ಬಿಸಿಯನ್ನು ಕಡಿಮೆ ತೋರಿಸಬಹುದು ಎಂಬುದೂ ನೆನಪಿನಲ್ಲಿರಬೇಕು.

ಬ್ಯಾಟರಿ ಚಿಹ್ನೆ ಹೇಳುವುದು ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ ಎಂದು. ಇಂಜಿನ್ ನಿಂತಾಗ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್, ಇಂಜಿನ್ ಓಡುವಾಗ 13.8ರಿಂದ 14.5 ವೋಲ್ಟ್ ತೋರಿಸಬೇಕು. ಓಡುವಾಗಲೂ 12 ವೋಲ್ಟಿನ ಆಸುಪಾಸಿನಲ್ಲಿದ್ದರೆ ಬೆಲ್ಟ್, ಬ್ರಷ್, ರೆಗ್ಯುಲೇಟರ್, ಡಯೋಡ್ ಎಂಬ ಕ್ರಮದಲ್ಲಿ ನೋಡುತ್ತಾರೆ. ಕೆಲವು ಇಂಜಿನ್‌ಗಳಲ್ಲಿ ವಾಟರ್ ಪಂಪನ್ನೂ ಅದೇ ಬೆಲ್ಟ್ ತಿರುಗಿಸುವುದರಿಂದ ಬ್ಯಾಟರಿ ದೀಪದ ಹಿಂದೆಯೇ ಬಿಸಿಯ ದೀಪ ಹೊತ್ತಿದರೆ ಬೆಲ್ಟ್ ಹರಿದಿದೆ ಎಂದೇ ತಿಳಿದು ನಿಲ್ಲಿಸಬೇಕು.

ಬ್ರೇಕ್ ದೀಪ ಹ್ಯಾಂಡ್‌ಬ್ರೇಕ್ ಎಳೆದಾಗಲೂ ಬ್ರೇಕ್ ಆಯಿಲ್ ಕಡಿಮೆಯಾದಾಗಲೂ ಹೊತ್ತುತ್ತದೆ. ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ಇಳಿಯುತ್ತದೆ. ಆದ್ದರಿಂದ ಬರಿದೇ ಆಯಿಲ್ ತುಂಬಿಸಿ ದೀಪ ಆರಿಸಿದರೆ ಪ್ಯಾಡಿನ ಸವೆತ ಮುಚ್ಚಿಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್-3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಪೊನ್ಮುಡಿಯ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುವುದಕ್ಕೆ ಇದೂ ಒಂದು ಕಾರಣ. ಎರಡು ವರ್ಷಕ್ಕೊಮ್ಮೆ ಬದಲಿಸುವ ನಿಯಮವನ್ನು ಕೇರಳದ ತೇವದಲ್ಲಿ ಮುಂದೂಡಬಾರದು.

ಏರ್‌ಬ್ಯಾಗ್ ದೀಪ ಹೊತ್ತಿಯೇ ಇದ್ದರೆ ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯುವ ಭರವಸೆಯಿಲ್ಲ. ಸೀಟಿನ ಕೆಳಗಿನ ಹಳದಿ ಕಪ್ಲರ್ ಸಡಿಲವಾಗಿರುವುದು, ಸ್ಟಿಯರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ ತುಂಡಾಗಿರುವುದು ಸಾಮಾನ್ಯ ಕಾರಣಗಳು. ಮಲ್ಟಿಮೀಟರ್ ಕರೆಂಟಿಗೂ ಏರ್‌ಬ್ಯಾಗ್ ಸಿಡಿಯಬಹುದಾದ್ದರಿಂದ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಹಳದಿ ದೀಪಗಳು

ಚೆಕ್ ಇಂಜಿನ್ ದೀಪ ಸ್ಥಿರವಾಗಿ ಹೊತ್ತಿದ್ದರೆ ನಿಧಾನವಾಗಿ ವರ್ಕ್‌ಶಾಪಿಗೆ ಹೋಗಬಹುದು. ಮಿಣುಕುತ್ತಿದ್ದರೆ ಇಂಜಿನ್ ಮಿಸ್ಸಿಂಗ್ ಆಗಿ ಸುಡದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ವೇಗ ತಗ್ಗಿಸಿ ಬೇಗ ನಿಲ್ಲಿಸಬೇಕು. ಸ್ಕ್ಯಾನರಿನಲ್ಲಿ ಬರುವ ದೋಷಸಂಖ್ಯೆ ಹೇಳುವುದು ಯಾವ ಅಳತೆ ತಪ್ಪಿದೆ ಎಂದು, ಯಾವ ಭಾಗ ಬದಲಿಸಬೇಕು ಎಂದಲ್ಲ. ಪಿ0171 ಎಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ. ಹಳೆಯ ಕಾರಿನಲ್ಲಿ ಇದಕ್ಕೆ ಬಿರುಕು ಬಿಟ್ಟ ವ್ಯಾಕ್ಯೂಮ್ ಹೋಸ್ ಕಾರಣವಾಗಿರಬಹುದು, ಆದರೂ ಬದಲಾಗುವುದು ಬೆಲೆಬಾಳುವ ಆಕ್ಸಿಜನ್ ಸೆನ್ಸರ್. ಪಿ0300 ಎಂದರೆ ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿ ಮಿಸ್ಸಿಂಗ್. ಸ್ಪಾರ್ಕ್ ಪ್ಲಗ್, ಕಾಯಿಲ್‌ಗಳಿಂದ ಹುಡುಕಾಟ ಆರಂಭಿಸುವುದು ರೂಢಿ. ಯು ಅಕ್ಷರದಿಂದ ಆರಂಭವಾಗುವ ಸಂಖ್ಯೆಗಳು ಕಂಟ್ರೋಲ್ ಯೂನಿಟ್‌ಗಳ ನಡುವಿನ ಮಾತುಕತೆ ಕಡಿದಿದೆ ಎನ್ನುತ್ತವೆ. ಅಂಥವು ಹಲವು ಒಟ್ಟಿಗೆ ಬಂದರೆ ದುರ್ಬಲ ಬ್ಯಾಟರಿ, ತುಕ್ಕು ಹಿಡಿದ ಅರ್ತ್ ಅಥವಾ ನೀರು ಹೊಕ್ಕ ಕಪ್ಲರನ್ನು ಶಂಕಿಸಬೇಕು.

ಮಾರುವ ಮುನ್ನ ದೋಷಸಂಖ್ಯೆಗಳನ್ನು ಅಳಿಸಿ ದೀಪ ಆರಿಸುವುದು ಎರಡು ನಿಮಿಷದ ಕೆಲಸ. ಆದರೆ ಹಾಗೆ ಅಳಿಸಿದಾಗ ಒಬಿಡಿಯ ಸ್ವಪರೀಕ್ಷೆಗಳೂ ಅಪೂರ್ಣ ಸ್ಥಿತಿಗೆ ಮರಳುತ್ತವೆ. ಅವು ಮುಗಿಯಲು ಕೆಲವು ಬಾರಿ ಓಡಿಸಬೇಕಾಗುತ್ತದೆ. ದಿನವೂ ಓಡುವ ಕಾರಿನಲ್ಲಿ ಅವು ಅಪೂರ್ಣವೆಂದು ಸ್ಕ್ಯಾನರ್ ತೋರಿಸಿದರೆ ಇತ್ತೀಚೆಗೆ ಯಾರೋ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ.

ಎಬಿಎಸ್ ದೀಪ ಹೊತ್ತಿದರೂ ಸಾಮಾನ್ಯ ಬ್ರೇಕ್ ಇದ್ದೇ ಇರುತ್ತದೆ. ಚಕ್ರದ ಸೆನ್ಸರಿಗೆ ಕೆಸರು ಮೆತ್ತಿರುವುದು, ಹಲ್ಲುಚಕ್ರಕ್ಕೆ ತುಕ್ಕು ಹಿಡಿದಿರುವುದು ಇಲ್ಲಿನ ಸಾಮಾನ್ಯ ಕಾರಣಗಳು. ಜೊತೆಗೆ ಕೆಂಪು ಬ್ರೇಕ್ ದೀಪವೂ ಹೊತ್ತಿದರೆ ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ಇಬಿಡಿಯೂ ಕೈಕೊಟ್ಟಿರಬಹುದು, ಓಡಿಸಬಾರದು. ಪವರ್ ಸ್ಟಿಯರಿಂಗ್ ದೀಪ ಹೊತ್ತಿದಾಗ ಸ್ಟಿಯರಿಂಗ್ ಬಿಗಿಯಾಗುತ್ತದೆ, ಲಾಕ್ ಆಗುವುದಿಲ್ಲ. ಮೋಟರ್ ಬದಲಿಸುವ ಮೊದಲು ಬ್ಯಾಟರಿಯ ವೋಲ್ಟೇಜ್ ಅಳೆಯಬೇಕು.

ಡೀಸೆಲ್ ಕಾರಿನಲ್ಲಿ ಸುರುಳಿಯ ಚಿಹ್ನೆ ಹೀಟರ್ ಪ್ಲಗ್ಗಿನದು. ಕರಾವಳಿಯ ಚಳಿ ಚಳಿಯೇ ಅಲ್ಲದ ಕಾರಣ ಹೀಟರ್ ಪ್ಲಗ್ ಕೆಟ್ಟರೂ ಇಲ್ಲಿ ಗೊತ್ತಾಗುವುದಿಲ್ಲ. ಅದೇ ಕಾರು ಕೊಡಗಿಗೋ ಮೂನಾರಿಗೋ ಹೋದ ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಡೀಸೆಲ್ ಕಾರುಗಳಲ್ಲಿ ಈ ಸುರುಳಿ ಮಿಣುಕಿದರೆ ಅದು ಇಂಜಿನ್ನಿನ ಬೇರೆ ದೋಷದ ಸೂಚನೆ. ಡೀಸೆಲ್ ಫಿಲ್ಟರಿನಲ್ಲಿ ನೀರು ಕೂಡಿದೆ ಎನ್ನುವ ದೀಪವನ್ನು ಹಳದಿಯೆಂದು ಉದಾಸೀನ ಮಾಡುವಂತಿಲ್ಲ. ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಬಸಿದರೆ ಮುಗಿಯುವ ಕೆಲಸವನ್ನು ಬಿಟ್ಟರೆ ಇಂಜೆಕ್ಟರ್ ಮತ್ತು ಹೈ ಪ್ರೆಶರ್ ಪಂಪ್ ಹಾಳಾಗುತ್ತವೆ.

ದೀಪ ಹೊತ್ತಿಸದ ದೋಷಗಳು

ಹಳೆಯ ಕಾರಿನ ಬಹಳಷ್ಟು ಕಾಯಿಲೆಗಳಿಗೆ ದೀಪವಿಲ್ಲ. ಸೈಲೆನ್ಸರ್, ಬ್ರೇಕ್ ಪೈಪ್, ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ ತುಕ್ಕಿಗೆ ಮೊದಲು ಸಿಕ್ಕುತ್ತವೆ. ಮೇಲೆ ಹೊಸ ಪೇಂಟ್ ಇದ್ದರೂ ರ‍್ಯಾಂಪಿನ ಮೇಲೇರಿಸಿ ಕೆಳಗಿನಿಂದ ನೋಡದೆ ಇವು ಕಾಣುವುದಿಲ್ಲ. ವೈಪರ್ ಕೆಳಗಿನ ತೊಟ್ಟಿಯ ರಂಧ್ರಗಳಲ್ಲಿ ಎಲೆ ಕಟ್ಟಿಕೊಂಡರೆ ಮಳೆನೀರು ಬ್ಲೋವರ್ ಮೂಲಕ ಒಳಗಿಳಿಯುತ್ತದೆ. ಎಸಿಯ ನೀರು ಹೊರಹೋಗುವ ನಳಿಗೆ ಕಟ್ಟಿದರೂ ಎಡಗಡೆಯ ಕಾರ್ಪೆಟ್ ಒದ್ದೆಯಾಗುತ್ತದೆ. ಇಸಿಯು ಆ ಬದಿಯಲ್ಲೇ ಇರುವ ಕಾರುಗಳಲ್ಲಿ ಈ ಒದ್ದೆ ಮುಂದೆ ಚೆಕ್ ಇಂಜಿನ್ ದೀಪವಾಗಿ ಕಾಣಿಸಿಕೊಳ್ಳುತ್ತದೆ. ಮನೆಯಂಗಳದಲ್ಲಿ ವಾರಗಟ್ಟಲೆ ನಿಂತ ಕಾರಿನ ವೈರನ್ನು ಇಲಿ ಕಡಿಯುವುದು ಎರಡೂ ನಗರಗಳಲ್ಲಿ ಮಾಮೂಲು. ಟೈಮಿಂಗ್ ಬೆಲ್ಟ್ ಸೂಚನೆಯನ್ನೇ ಕೊಡದೆ ಹರಿದು ಹಲವು ಇಂಜಿನ್‌ಗಳಲ್ಲಿ ವಾಲ್ವ್ ಬಾಗಿಸುತ್ತದೆ. ಅದನ್ನು ಬದಲಿಸಿದ ದಾಖಲೆ ಇಲ್ಲದಿದ್ದರೆ ಕೊಂಡ ಕೂಡಲೇ ಬದಲಿಸುವುದು ಲೇಸು. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಪಂಪುಗಳಿಗೆ ಬಂದ ಮೇಲೆ, ಅದಕ್ಕಾಗಿ ತಯಾರಾಗದ ಹಳೆಯ ಕಾರುಗಳ ರಬ್ಬರ್ ಹೋಸ್, ಸೀಲುಗಳನ್ನು ಸರ್ವಿಸಿನಲ್ಲಿ ಪರೀಕ್ಷಿಸುವುದೂ ಅಗತ್ಯವಾಗಿದೆ. ಎಥನಾಲ್ ನೀರನ್ನು ಹೀರುವುದರಿಂದ ಮಳೆಗಾಲದಲ್ಲಿ ಬಹುದಿನ ನಿಲ್ಲಿಸಿಡುವ ಕಾರಿಗೆ ಇದು ಇನ್ನಷ್ಟು ಅನ್ವಯ.

ನೆರೆನೀರು ಹೊಕ್ಕ ಕಾರು

2018ರ ಆಗಸ್ಟ್‌ನ ಪ್ರವಾಹದಲ್ಲಿ ಪೆರಿಯಾರ್ ಉಕ್ಕಿ ಆಲುವ, ಉತ್ತರ ಪರವೂರು ಪ್ರದೇಶಗಳು ಮುಳುಗಿದವು. ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣವೇ 15ರಿಂದ 29ರವರೆಗೆ ಮುಚ್ಚಿತ್ತು. ಮನೆಗಳ ಜೊತೆಗೆ ಪೋರ್ಚಿನಲ್ಲಿದ್ದ ಕಾರುಗಳೂ ನೀರಿನಲ್ಲಿ ನಿಂತವು. 2023ರ ಅಕ್ಟೋಬರ್‌ನಲ್ಲಿ ತಿರುವನಂತಪುರದ ಟೆಕ್ನೋಪಾರ್ಕ್ ಸುತ್ತಮುತ್ತ, 2024ರ ಮೇ ಕೊನೆಯಲ್ಲಿ ಕೊಚ್ಚಿಯ ಕಾಕ್ಕನಾಡು, ಕಳಮಶ್ಶೇರಿಗಳಲ್ಲಿ ನೀರು ನಿಂತಿತು. ಹೀಗೆ ಮುಳುಗಿದ ಕಾರುಗಳಲ್ಲಿ ಕೆಲವು ಗುಜರಿಗೆ ಹೋದರೆ ಕೆಲವು ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಮರಳುತ್ತವೆ, ಊರಿನಲ್ಲಿ ಗುರುತು ಸಿಗುವುದರಿಂದ ದೂರದ ಜಿಲ್ಲೆಗೋ ನೆರೆಯ ರಾಜ್ಯಕ್ಕೋ ಹೋಗಬಹುದು.

ನಿಂತ ನೀರು ಏರ್ ಫಿಲ್ಟರ್ ಮೂಲಕ ಸಿಲಿಂಡರಿಗೆ ಹೊಕ್ಕಾಗ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಆಫ್ ಆದ ಕಾರನ್ನು ಮತ್ತೆ ಸೆಲ್ಫ್ ಹೊಡೆಯಬಾರದು. ಹಾಗೆ ಹೊಡೆದು ಕೆಟ್ಟ ಇಂಜಿನ್ನಿಗೆ ಇಂಜಿನ್ ಪ್ರೊಟೆಕ್ಟ್ ಸೇರಿಸದ ಸಾಮಾನ್ಯ ವಿಮೆ ಪರಿಹಾರ ಕೊಡುವುದಿಲ್ಲ.

ಇಂಥ ಕಾರನ್ನು ಗುರುತಿಸಲು ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಅದರ ಕೊನೆಯಲ್ಲಿ ಕೆಸರಿನ ಗೆರೆ ಇದೆಯೇ ನೋಡಬೇಕು, ಸೀಟಿನಡಿಯ ಸ್ಪ್ರಿಂಗ್ ಮತ್ತು ಬೋಲ್ಟುಗಳ ತುಕ್ಕನ್ನೂ ಸ್ಟೆಪ್ನಿ ಗುಂಡಿಯ ಮರಳನ್ನೂ ಹುಡುಕಬೇಕು, ಕಾರ್ಪೆಟ್ ಎತ್ತಿ ಕಪ್ಲರ್ ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಾಣಬಹುದು. ಹತ್ತು ವರ್ಷದ ಕಾರಿನಲ್ಲಿ ಹೆಡ್‌ಲೈಟ್, ಸೀಟ್ ಕವರ್, ಕಾರ್ಪೆಟ್ ಮೂರೂ ಹೊಚ್ಚಹೊಸದಾಗಿರುವುದೂ ಒಂದು ಸೂಚನೆ. ನೆರೆಯ ಕಾರಿನ ದೋಷ ಕೂಡಲೇ ಪ್ರಕಟವಾಗದೆ ತಿಂಗಳುಗಳ ಮೇಲೆ ಒಂದೊಂದಾಗಿ ಹೊರಬರುತ್ತದೆ: ಇವತ್ತು ಏರ್‌ಬ್ಯಾಗ್ ದೀಪ, ಮುಂದೆಂದೋ ಪವರ್ ವಿಂಡೋ, ಆಮೇಲೆ ಎಬಿಎಸ್. ಪ್ರತಿ ಬಾರಿಯೂ ಒಂದು ಭಾಗ ಬದಲಿಸಿ ಹಣ ಕಳೆಯುವ ಬದಲು ವೈರಿಂಗನ್ನು ಪೂರ್ತಿ ಪರೀಕ್ಷಿಸುವುದೇ ಸರಿಯಾದ ದಾರಿ.

ಪತ್ತೆಯ ಕ್ರಮ

ಅನುಭವಿ ಆಟೋ ಎಲೆಕ್ಟ್ರಿಷಿಯನ್ ಮೊದಲು ಬ್ಯಾಟರಿಯ ವೋಲ್ಟೇಜ್ ಅಳೆಯುತ್ತಾರೆ, ಆಮೇಲೆ ಫ್ಯೂಸ್ ನೋಡುತ್ತಾರೆ. ಬಳಿಕ ಅರ್ತ್: ಬ್ಯಾಟರಿಯ ನೆಗೆಟಿವ್ ತುದಿ ಮತ್ತು ಇಂಜಿನ್ ನಡುವೆ ಮೀಟರ್ ಹಿಡಿದು ಸೆಲ್ಫ್ ಹೊಡೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ವೈರಿನ ಜೋಡಣೆ ತುಕ್ಕು ಹಿಡಿದಿದೆ. ಬಿಚ್ಚಿ, ಉಜ್ಜಿ, ಬಿಗಿದು ಗ್ರೀಸ್ ಸವರುವ ಈ ಕೆಲಸಕ್ಕೆ ಕೆಲವು ನಿಮಿಷ ಸಾಕು, ಹಲವು ದೀಪಗಳು ಇಷ್ಟಕ್ಕೇ ಆರುತ್ತವೆ. ಇದಾದ ಮೇಲೆ ದೋಷಸಂಖ್ಯೆಗಳನ್ನು ಓದಿ, ಬರೆದಿಟ್ಟುಕೊಂಡು, ಅಳಿಸಿ, ಓಡಿಸಿ, ಮತ್ತೆ ಬಂದ ಸಂಖ್ಯೆಯನ್ನಷ್ಟೇ ಬೆನ್ನಟ್ಟಬೇಕು. ಆ ಸೆನ್ಸರಿನ ಕಪ್ಲರ್, ವೈರು, ಅದಕ್ಕೆ ಬರುವ ವೋಲ್ಟೇಜ್ ಸರಿಯಿದೆಯೆಂದು ಖಚಿತವಾದ ಮೇಲೆ ಮಾತ್ರ ಸೆನ್ಸರ್ ಬದಲಿಸುವ ಮಾತು.

ಕಾನೂನು ಮತ್ತು ಈಗಿನ ಸ್ಥಿತಿ

ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿಯಿದ್ದು, ಅನಂತರ ಪರೀಕ್ಷೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕೇಂದ್ರದ ನಿಯಮ 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಿತು. 2025ರ ಆಗಸ್ಟ್‌ನ ತಿದ್ದುಪಡಿ 20 ವರ್ಷ ದಾಟಿದ ಕಾರುಗಳಿಗೆ 10,000 ನಿಗದಿಪಡಿಸಿತು. ಕೇರಳದ 2025–26ರ ಬಜೆಟ್ 15 ವರ್ಷ ದಾಟಿದ ಖಾಸಗಿ ವಾಹನಗಳ ತೆರಿಗೆಯನ್ನು ಶೇ. 50ರಷ್ಟು ಹೆಚ್ಚಿಸಿತು. ಕೊಚ್ಚಿ, ತಿರುವನಂತಪುರ ಸೇರಿ ಕೇರಳದ ಆರು ನಗರಗಳಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ ತಿಂಗಳಲ್ಲಿ ಆದೇಶಿಸಿತ್ತು. ಜೂನ್‌ನಲ್ಲಿ ಕೇರಳ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಬಳಸಿದ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯಿಂದ ಅಧಿಕೃತ ಅನುಮತಿ ಪಡೆಯಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ತಿರುವನಂತಪುರದ ಕೆಎಲ್-01 ಅಥವಾ ಎರ್ನಾಕುಲಂನ ಕೆಎಲ್-07 ಕಾರನ್ನು ಕಾಸರಗೋಡಿನ ಕನ್ನಡಿಗರು ಕೊಂಡರೆ ರಾಜ್ಯದೊಳಗಿನ ಮಾಲೀಕತ್ವ ವರ್ಗಾವಣೆ ಸಾಕು. ಅದೇ ಕಾರು ತಲಪಾಡಿ ದಾಟಿ ಮಂಗಳೂರಿನಲ್ಲಿ ನೆಲೆಸುವುದಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ, ಕರ್ನಾಟಕದ ಜೀವಾವಧಿ ತೆರಿಗೆ, 12 ತಿಂಗಳು ಮೀರಿ ಇಟ್ಟುಕೊಳ್ಳುವುದಾದರೆ ಕೆಎ ಸಂಖ್ಯೆ, ಇಷ್ಟೂ ಬೇಕು. ವಿಮೆಯ ಮೂರನೇ ವ್ಯಕ್ತಿಯ ಭಾಗ ಮಾಲೀಕತ್ವದ ಜೊತೆಗೆ ತಾನಾಗಿ ವರ್ಗವಾಗುತ್ತದೆ. ಸ್ವಂತ ಕಾರಿನ ಹಾನಿಯ ಭಾಗವನ್ನು ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು.